ಕೊನೆಯಲ್ಲಿ ಹೊರಡುವವರು

ನೌಕಾಪಡೆಯ ನಾಲ್ವರು ಹುಡುಗರು ಶವಪೆಟ್ಟಿಗೆಯನ್ನು ಎತ್ತಿಕೊಂಡು ಹೊಸ್ತಿಲ ತನಕ ಬಂದಿದ್ದರು. ಅಷ್ಟರಲ್ಲಿ ಒಬ್ಬ ಮುದುಕ ಊರುಗೋಲನ್ನು ಬಾಗಿಲಿಗೆ ಅಡ್ಡ ಹಿಡಿದ.

"ಇಳಿಸ್ರಪ್ಪಾ. ಮನೆ ತುಂಬ ಜನ ಇದ್ದಾರೆ. ಇವರನ್ನೆಲ್ಲ ಒಳಗೆ ಬಿಟ್ಟು ಕ್ಯಾಪ್ಟನ್ ಮೊದಲು ಹೋಗ್ತಾರಾ?"

ಯುವ ಅಧಿಕಾರಿ ಗಡಿಯಾರ ನೋಡಿಕೊಂಡ. "ಅಜ್ಜಾ, ಹೊರಗೆ ಗಾಡಿ ಕಾಯ್ತಾ ಇದೆ. ದಾರಿ ಬಿಡಿ."

"ಕಾಯಲಿ ಬಿಡು. ಅವರಿಗೋಸ್ಕರ ಸಮುದ್ರಾನೇ ಕಾದಿದೆ."

ಅಡುಗೆಮನೆಯಲ್ಲಿ ಕುಳಿತಿದ್ದ ಕ್ಯಾಪ್ಟನ್ನರ ಹೆಂಡತಿಗೆ ಇದೆಲ್ಲ ಕೇಳಿಸುತ್ತಿತ್ತು. ಬೆಳಗಿನಿಂದ ಆಕೆ ಅಲ್ಲಿಂದ ಎದ್ದಿರಲಿಲ್ಲ. ಗಂಡ ಹೊಸ್ತಿಲು ದಾಟುವುದನ್ನು ನೋಡಲಾರೆ, ತನ್ನನ್ನು ಕರೆಯಬೇಡಿ ಎಂದು ಮಗಳಿಗೆ ಹೇಳಿಬಿಟ್ಟಿದ್ದಳು. ಪಕ್ಕದ ಮನೆಯಾಕೆ ಬಂದು ಪಾತ್ರೆಗಳನ್ನೆಲ್ಲ ತೊಳೆದಿಟ್ಟು, ಕ್ಯಾಪ್ಟನ್ ಕಡೆಯ ಸಲ ಕುಡಿದ ಲೋಟವೊಂದನ್ನು ಮಾತ್ರ ಮುಟ್ಟದೆ ಬಿಟ್ಟು ಹೋಗಿದ್ದಳು. ಕ್ಯಾಪ್ಟನ್ನರ ಹೆಂಡತಿಯ ಕಣ್ಣು ಅದರ ಮೇಲೇ ಇತ್ತು.

ಮಗಳು ಓಡಿಬಂದಳು. "ಅಮ್ಮಾ, ಯಾರೋ ಉಪ್ಪಣ್ಣ ಅಂತೆ. ಅಪ್ಪನ ಹಡಗಲ್ಲಿ ಅಡುಗೆ ಮಾಡ್ತಿದ್ರಂತೆ. ಎಲ್ಲರೂ ಹೋದಮೇಲೇ ಅಪ್ಪ ಹೊರಡಬೇಕು ಅಂತ ಹಠ ಹಿಡಿದಿದ್ದಾರೆ."

"ನಿಮ್ಮಪ್ಪನ ಹಡಗಿನವರಲ್ವಾ? ಹಠ ಇಲ್ದೇ ಇರುತ್ತಾ?" ಎಂದಳು ತಾಯಿ.

ಅದು ಆ ಮನೆಯ ಹಳೆಯ ತಮಾಷೆ. ಎಲ್ಲಿಂದ ಹೊರಟರೂ ಕ್ಯಾಪ್ಟನ್ ಕಡೆಯವರಾಗಿ ನಿಂತು ಒಬ್ಬೊಬ್ಬರನ್ನೇ ಕೂಗುತ್ತಿದ್ದರು. "ಓ ಅಂದ್ರೆ ಸಾಲದು, ಮುಖ ತೋರಿಸಿ!" ಒಮ್ಮೆ ರೈಲು ನಿಲ್ದಾಣದಲ್ಲಿ ನೀರು ಕುಡಿಯಲು ಹೋದ ಮಗಳು ಜನರ ನಡುವಿನಿಂದ "ಬಂದೇ" ಎಂದು ಕೂಗಿದರೂ, ಅವಳ ಮುಖ ಕಾಣುವ ತನಕ ಅವರು ರೈಲು ಹತ್ತಲಿಲ್ಲ, ಹತ್ತಗೊಡಲೂ ಇಲ್ಲ. ರೈಲು ಹೋಯಿತು. "ಮಗಳ ದನಿ ಗೊತ್ತಾಗಲ್ವಾ ನಿಮಗೆ?" ಎಂದು ಹೆಂಡತಿ ಸಿಡುಕಿದರೆ, "ದನಿ ಸಾಲದು ಕಣೇ" ಎಂದು ನಕ್ಕುಬಿಟ್ಟಿದ್ದರು.

"ಆ ಉಪ್ಪಣ್ಣನ್ನ ಒಳಗೆ ಕರಿ," ಎಂದಳು ಆಕೆ.

ಮುದುಕ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ.

"ನಿಮ್ಮ ಕ್ಯಾಪ್ಟನ್ನರಿಗೆ ಮುಖ ನೋಡೋ ಹುಚ್ಚು ಎಲ್ಲಿ ಅಂಟ್ಕೊಂತಪ್ಪಾ?"

ಉಪ್ಪಣ್ಣ ಬೆರಗಾದ. "ಅಯ್ಯೋ, ನಿಮಗೆ ಹೇಳೇ ಇಲ್ವಾ ಅಮ್ಮಾ?"

"ಯುದ್ಧದ ಪದಕ ಯಾಕೆ ಕೊಟ್ರು ಅಂತ ಕೇಳಿದ್ರೆ, ಹಡಗು ಮುಳುಗಿತು, ನಾನು ತೇಲಿದೆ ಅನ್ನೋರು. ಅದು ಹೊಲಿಗೆ ಡಬ್ಬೀಲಿ ಗುಂಡಿಗಳ ಜೊತೆ ಬಿದ್ದಿದೆ."

ಮುದುಕ ಗೋಡೆಗೊರಗಿ ಕುಳಿತು ಹೇಳತೊಡಗಿದ.

*

ಯುದ್ಧದ ಒಂದು ಸಂಜೆ ಶತ್ರುಗಳ ಟಾರ್ಪೆಡೊ ಹಡಗಿನ ಹೊಟ್ಟೆ ಸೀಳಿತ್ತು. ವಾಲುತ್ತಿದ್ದ ಹಡಗಿನ ಮೇಲೆ, ಹೊಗೆಯ ನಡುವೆ ನಿಂತು ಕ್ಯಾಪ್ಟನ್ ದೋಣಿಗಿಳಿದವರ ಹೆಸರು ಕೂಗುತ್ತಿದ್ದರು. ಅಡುಗೆಯವನ ಹೆಸರಿಗೂ "ಇದ್ದೀನಿ ಸಾರ್" ಎಂಬ ಉತ್ತರ ಬಂತು.

ಕೂಗಿದವನು ಅವನ ಗೆಳೆಯ. ಬೆಳಗಿನ ಹಾಜರಿಗೆ ಒಲೆ ಬಿಟ್ಟು ಬರಲಾಗದ ಅಡುಗೆಯವನ ಪರವಾಗಿ ಅವನೇ ಓಗೊಡುವುದು ರೂಢಿ. ಅಡುಗೆಯವನು ಬೇರೆ ದೋಣಿಯಲ್ಲಿರಬೇಕೆಂದುಕೊಂಡ ಗೆಳೆಯನ ಬಾಯಿ ಎಂದಿನಂತೆ ತಾನೇ ಓಗೊಟ್ಟುಬಿಟ್ಟಿತು.

ಇಳಿಯಲು ಕಾಲು ಮುಂದಿಟ್ಟ ಕ್ಯಾಪ್ಟನ್ ತಟ್ಟನೆ ನಿಂತರು. "ಅದು ಅವನ ದನಿಯಲ್ಲ. ಎಲ್ಲಿ, ಮುಖ ತೋರಿಸು."

ಯಾವ ಮುಖವೂ ಏಳಲಿಲ್ಲ. ಅವರು ತಿರುಗಿ ಹೊಗೆಯೊಳಗೆ ಇಳಿದುಹೋದರು.

ಅಡುಗೆಯವನು ಕೆಳಗಿನ ಉಗ್ರಾಣದಲ್ಲಿದ್ದ. ಬಾಗಿಲು ಸೊಟ್ಟಗಾಗಿ ಕಚ್ಚಿಕೊಂಡಿತ್ತು. ಎದೆಮಟ್ಟ ನೀರು. ಕೂಗಿ ಕೂಗಿ ಗಂಟಲು ಬಿದ್ದು, ಅವನು ತಾಯಿಯನ್ನು ನೆನೆಯುತ್ತ ಸುಮ್ಮನೆ ನಿಂತಿದ್ದ. ಆಗ ಆಚೆಯಿಂದ ಯಾರೋ ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದು. ಬಾಗಿಲು ಬಿರಿಯಿತು. ಟಾರ್ಚಿನ ಬೆಳಕು ಅವನ ಮುಖದ ಮೇಲೆ ಬಿತ್ತು.

"ಹಾಂ, ಇದು ನಿನ್ನ ಮುಖ! ನಡಿ. ಇವತ್ತು ಅಡುಗೆಗೆ ಸಮುದ್ರಾನೇ ಉಪ್ಪು ಹಾಕಿದೆ."

ಏಣಿಯ ಬಳಿ ಅವನನ್ನೇ ಮುಂದೆ ದೂಡಿದರು. ಅವರ ಹಿಂದೆಯೇ ನೀರು ಮೆಟ್ಟಿಲು ಮೆಟ್ಟಿಲಾಗಿ ಏರಿಬಂತು.

*

"ಅವತ್ತಿಂದ ನಾನು ಉಪ್ಪಣ್ಣ," ಎಂದ ಮುದುಕ. "ಇವತ್ತು ಅವರು ಮೊದಲು ಹೊರಟ್ರೆ ನನ್ನ ಕೈಲಿ ನೋಡೋಕಾಗಲ್ಲಮ್ಮ."

ರೈಲು ಹೋದಮೇಲೂ ಗಂಡ ಮಗಳ ಗದ್ದ ಹಿಡಿದು ಮುಖ ನೋಡುತ್ತಲೇ ನಿಂತಿದ್ದದ್ದು ಆಕೆಯ ಕಣ್ಣಿಗೆ ಕಟ್ಟಿತು.

ಮಗಳ ಹಿಂದೆ ನಿಂತು ಕೇಳುತ್ತಿದ್ದ ಅಧಿಕಾರಿ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ನಡುಮನೆಗೆ ಹೋಗಿ ಪೆಟ್ಟಿಗೆಯನ್ನು ಅಲ್ಲೇ ಇಳಿಸಲು ಹೇಳಿ, ಮುಚ್ಚಳ ತೆಗೆಸಿದ. "ಒಬ್ಬೊಬ್ಬರಾಗಿ ಬನ್ನಿ," ಎಂದು ಮೆಲ್ಲನೆ ಹೇಳಿದ. ಜನ ಬಂದು ಬಗ್ಗಿ, ಮುಖ ತೋರಿಸಿ, ಹೊರಗೆ ನಡೆದರು. ಮೊಮ್ಮಗುವನ್ನು ಮಗಳು ಎತ್ತಿ ತೋರಿಸಿದಳು. ಮನೆ ಬರಿದಾಯಿತು.

"ಒಳಗೆ ಇನ್ಯಾರಾದ್ರೂ ಇದ್ದೀರಾ?" ಉಪ್ಪಣ್ಣ ನಡುಮನೆಯಿಂದ ಕೂಗಿದ.

"ಓ," ಎಂದಳು ಆಕೆ, ಕುಳಿತಲ್ಲಿಂದಲೇ.

ಅವನು ಅಡುಗೆಮನೆಯ ಬಾಗಿಲತ್ತ ತಿರುಗಿ ನಿಂತ. ಕಾದ.

ಆಕೆ ಎದ್ದಳು. ಲೋಟವನ್ನು ತೊಳೆದು ಉಳಿದವುಗಳ ಪಕ್ಕದಲ್ಲಿಟ್ಟಳು. ಕೈ ಒರೆಸಿಕೊಂಡು, ಕೂದಲು ನೇವರಿಸಿಕೊಂಡು ಬಂದು ಪೆಟ್ಟಿಗೆಯ ಮೇಲೆ ಬಗ್ಗಿದಳು.

"ಇಲ್ಲೇ ಇದ್ದೀನಿ. ನೋಡ್ಕೊಳ್ಳಿ," ಎಂದಳು.

ಬಹಳ ಹೊತ್ತು ಹಾಗೇ ಇದ್ದು, ಹೊಸ್ತಿಲು ದಾಟಿದಳು. ಬೆನ್ನ ಹಿಂದೆಯೇ ಹೊಸ್ತಿಲು ದಾಟಿದ ಉಪ್ಪಣ್ಣನ ಊರುಗೋಲು ನೆಲಕ್ಕೆ ತಾಗಿದ ಸದ್ದಾಯಿತು.

"ಒಳಗೆ ಯಾರೂ ಇಲ್ಲ, ಸಾರ್!"

ಖಾಲಿ ಮನೆಯಲ್ಲಿ ಪೆಟ್ಟಿಗೆ ಎತ್ತಿದ ಹುಡುಗರ ಬೂಟುಗಳ ಸದ್ದು ಎದ್ದಿತು. ಆಕೆ ಅಂಗಳ ದಾಟಿ, ಎಂದಿನಂತೆ, ಕಡೆಯಲ್ಲಿ ಬರುವವರಿಗಾಗಿ ಗೇಟನ್ನು ತೆರೆದು ಹಿಡಿದು ನಿಂತಳು.