ಮೂರನೇ ಕೋಣೆಯ ಮೂವರು

ಕೊಲ್ಲಿ ನಾಡಿನ ಫರ್ವಾನಿಯಾದ ಆ ಫ್ಲ್ಯಾಟಿನಲ್ಲಿ ಮೂರು ಕೋಣೆ, ಮೂರು ಸಂಸಾರ, ಒಂದೇ ಅಡುಗೆಮನೆ. ಬಾಡಿಗೆ ಕರಾರು ಇದ್ದದ್ದು ರೋಹಿದಾಸನ ಹೆಸರಿನಲ್ಲಿ; ಉಳಿದೆರಡು ಕೋಣೆಗಳನ್ನು ಅವನು ಮಾಲೀಕನಿಗೆ ತಿಳಿಸದೆ ಒಳಬಾಡಿಗೆಗೆ ಕೊಟ್ಟಿದ್ದ. ಗುರುವಾರ ಸಂಜೆ ಅವನು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ.

"ನಾಳೆ ಜನಗಣತಿಯವರು ಬರ್ತಾರಂತೆ. ನೀವೆಲ್ಲ ಬೆಳಿಗ್ಗೆ ಎಗೈಲಾದ ಮಾಲ್ ಕಡೆ ಹೋಗಿ ಮಾರಾಯ್ರೆ. ಇಲ್ಲಿರುವುದು ನಾವು ನಾಲ್ಕೇ ಜನ ಅಂತ ಹೇಳ್ತೇನೆ."

ರೊಟ್ಟಿ ಬಡಿಯುತ್ತಿದ್ದ ಮೂರನೇ ಕೋಣೆಯ ಗುರುಸಿದ್ದವ್ವನ ಕೈ ನಿಂತಿತು. ಹಿಂದೊಮ್ಮೆ ಯಾರೋ ತಪಾಸಣೆಗೆ ಬರುತ್ತಾರೆಂದು ಅವನು ಹೀಗೇ ಹೊರಗೆ ಕಳಿಸಿದ್ದ. ಅವತ್ತು ಬಿಸಿಲಿನಲ್ಲಿ ಮಗಳು ಕಾಂಚನಾಳನ್ನು ಕಟ್ಟಿಕೊಂಡು ಬಸ್ ನಿಲ್ದಾಣದಲ್ಲಿ ನಾಲ್ಕು ತಾಸು ಕೂತಿದ್ದಳು. ಮಗುವಿನ ಮೂಗಿನಿಂದ ರಕ್ತ ಸುರಿದಿತ್ತು.

ಗಂಡ ಮುದಕಪ್ಪ ಎ.ಸಿ. ಟೆಕ್ನಿಷಿಯನ್. ಮೂವರ ಇಕಾಮಾ, ಅಂದರೆ ವಾಸದ ಪರವಾನಗಿ, ಸರಿಯಾಗಿಯೇ ಇತ್ತು. ಆದರೂ ಅವನಿಗೆ ಅಂಜಿಕೆ.

"ಹೋಗಿ ಬರೂಣು ಬಿಡ. ನಾವು ಹೊರಗಿನ ಮಂದಿ. ನಮ್ಮನ್ನ ಎಣಿಸಿದ್ರೆಷ್ಟು, ಬಿಟ್ರೆಷ್ಟು? ಹೆಸರು ಬರಕೊಂಡು ಹೋಗಿ ಪೊಲೀಸ್ರನ್ನ ಕಳಿಸಿದ್ರ?"

ಗುರುಸಿದ್ದವ್ವ ಅವನನ್ನು ಎದುರು ಮನೆಯ ಆಯಿಶತ್ ನಿಶಾಳ ಹತ್ತಿರ ಕರೆದೊಯ್ದಳು. ನಿಶಾ ಜಹ್ರಾದ ಒಂದು ಕ್ಲಿನಿಕ್ಕಿನಲ್ಲಿ ನರ್ಸ್.

"ಎಣಿಸ್ಲಿಕ್ಕೆ ಬರುವವರು ಪೊಲೀಸರಲ್ಲ ಅಣ್ಣ, ನಾನೇ ವಿಚಾರಿಸಿದ್ದೇನೆ," ಎಂದಳು ನಿಶಾ. "ಎಷ್ಟು ಜನ, ಎಷ್ಟು ವಯಸ್ಸು, ಎಂಥ ಕೆಲಸ, ಇಂಥದ್ದೇ ಕೇಳುವುದು. ಈ ಬೀದಿಯಲ್ಲಿ ನೂರು ಮಕ್ಕಳಿದ್ದು ಕಾಗದದಲ್ಲಿ ಮೂವತ್ತೇ ಉಂಟು ಅಂತಾದ್ರೆ, ಲಸಿಕೆ ಎಷ್ಟು ಮಕ್ಕಳಿಗೆ ತರಿಸ್ತಾರೆ?"

"ಮತ್ತ ಕೋಣೆ ಹೋದ್ರ?" ಎಂದ ಮುದಕಪ್ಪ.



ಶುಕ್ರವಾರ ಏಳಕ್ಕೇ ಎರಡನೇ ಕೋಣೆಯವರು ಹೊರಟುಹೋದರು. ಗುರುಸಿದ್ದವ್ವ ಮಗಳ ತಲೆ ಬಾಚಿ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಾಗಿಲ ಬಳಿಯೇ ಕೂತಳು.

"ಇನ್ನೂ ಹೋಗ್ಲಿಲ್ವಾ?" ಎಂದ ರೋಹಿದಾಸ.

"ಹೋಗಂಗಿಲ್ಲ."

"ಹಾಗಾದ್ರೆ ತಿಂಗಳ ಕೊನೆಗೆ ಕೋಣೆ ಬಿಡಿ."

"ಬಿಡಸ್ರಿ. ಇವತ್ತಂತೂ ಇಲ್ಲೇ ಅದೀನಿ. ನಾವೇನ್ ಕಳವು ಮಾಡೀವೇನ್ರಿ ಅಡಗಾಕ? ಈ ಕೂಸಿಗೆ ನೀ ಇಲ್ಲ ಅಂತ ನಾ ಹ್ಯಾಂಗ ಹೇಳ್ಲಿ?"

ಕರೆಗಂಟೆ ಸದ್ದಾಯಿತು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬ್ ಹಿಡಿದ ಹೆಂಗಸೊಬ್ಬಳು ನಿಂತಿದ್ದಳು. ರೋಹಿದಾಸ ನಾಲ್ಕು ಹೆಸರು ಬರೆಸಿ ಬಾಗಿಲು ಹಾಕಲು ಹೋದ. ಗುರುಸಿದ್ದವ್ವ ಬಾಗಿಲಿಗೆ ಕೈ ಅಡ್ಡ ಕೊಟ್ಟಳು.

"ಔರ್ ತೀನ್," ಇನ್ನೂ ಮೂವರಿದ್ದೇವೆ ಎಂದಳು ತನಗೆ ಬರುವ ಹಿಂದಿಯಲ್ಲಿ. ಕೈ ಸರಿಸಲಿಲ್ಲ.

ತನ್ನ ಹೆಸರು ಹೇಳಿದಳು, ಮಗಳದ್ದು ಹೇಳಿದಳು. ಗಂಡನ ಹೆಸರು ಹೇಳುವಷ್ಟರಲ್ಲಿ ಅವನೇ ಕೋಣೆಯಿಂದ ಬಂದು ಅವಳ ಪಕ್ಕ ನಿಂತ. "ಮುದಕಪ್ಪ," ಎಂದ, ಮೆಟ್ಟಿಲ ಕೆಳಗಿನವರೆಗೂ ಕೇಳುವ ಹಾಗೆ.

ಬಂದವಳು ಎಲ್ಲ ಬರೆದುಕೊಂಡಳು. ಬಾಡಿಗೆ ಕರಾರಿನ ಮಾತೇ ಎತ್ತದೆ, ಶುಕ್ರನ್ ಎಂದು ಅರಬಿಯಲ್ಲಿ ಧನ್ಯವಾದ ಹೇಳಿ ಮುಂದಿನ ಮನೆಗೆ ನಡೆದಳು.

ರೋಹಿದಾಸ ಬಾಗಿಲಿಂದ ಇಣುಕಿ, ಅವಳು ಪಕ್ಕದ ಮನೆಯಲ್ಲೂ ಕರಾರು ಕೇಳದ್ದನ್ನು ನೋಡಿದ. ಆಮೇಲೆ ಎರಡನೇ ಕೋಣೆಯವರಿಗೆ ಫೋನ್ ಹಚ್ಚಿದ. "ವಾಪಸ್ ಬನ್ನಿ. ಅವರು ಇನ್ನೂ ಬಿಲ್ಡಿಂಗ್‌ನಲ್ಲೇ ಇದ್ದಾರೆ."

ಕೋಣೆ ಬಿಡಿಸುವ ಮಾತನ್ನು ಅವನು ಮತ್ತೆ ಆಡಲಿಲ್ಲ. ಆಡಿದ್ದರೂ ಗುರುಸಿದ್ದವ್ವ ಅಂಜುತ್ತಿರಲಿಲ್ಲ.

ಓದುವ ಅಕ್ಕ, ಅಣ್ಣ, ಎಣಿಸುವವರು ನಿಮ್ಮ ಮನೆಗೂ ಬಂದಾರು. ಗುರುತಿನ ಚೀಟಿ ತೋರಿಸಲು ಕೇಳಿ. ದುಡ್ಡು, ಒಟಿಪಿ ಕೇಳಿದವರಿಗೆ ಖಂಡಿತ ಕೊಡಬೇಡಿ. ಆದರೆ ನಿಮ್ಮನ್ನು ಇಲ್ಲವಾಗಿಸುವ ಹಕ್ಕನ್ನು ಯಾರಿಗೂ ಕೊಡಬೇಡಿ. ಮೊನ್ನೆ ಹುಟ್ಟಿದ ಮಗುವಿನ ತನಕ ಪ್ರತಿಯೊಬ್ಬರ ಹೆಸರನ್ನೂ ಗಟ್ಟಿಯಾಗಿ ಹೇಳಿ ಬರೆಸಿ.