ಒಂದು ಚಮಚ ಎಂಟನೇ ನಂಬರು

ಇದನ್ನು ಹೇಳಲು ನಾನು ತಕ್ಕವಳಲ್ಲ, ಕ್ಷಮಿಸಿ. ಸಂಜೆ ಶಾಲೆಯಲ್ಲಿ ಕಲಿತ ಬರಹ ನನ್ನದು. ಆದರೆ ನಡೆದದ್ದು ಪೂರ್ತಿ ಗೊತ್ತಿರುವುದು ನನಗೊಬ್ಬಳಿಗೇ.

ಸೂಪರ್‌ಮಾರ್ಕೆಟ್ಟಿಗೆ ಊಟದ ಡಬ್ಬಿ ಕಳಿಸುವ ಕಾರ್ಖಾನೆಯಲ್ಲಿ ನಾನು ಪುಡಿ ತೂಗುತ್ತೇನೆ. ಬಣ್ಣ ಕೆಡದಿರಲು ಒಂದು, ಅನ್ನ ಅಂಟದಿರಲು ಒಂದು, ನೀರು ಬಿಡದಿರಲು ಒಂದು. ರುಚಿಗೆ ಎಂಟನೇ ನಂಬರು. ಕೆಲಸದವರು ಮಾತ್ರ ಆ ಡಬ್ಬಿ ಮುಟ್ಟುತ್ತಿರಲಿಲ್ಲ. ಕ್ಯಾಂಟೀನಿನಲ್ಲಿ ನಮ್ಮಕ್ಕನ ಅಡುಗೆ ಉಣ್ಣುತ್ತಿದ್ದರು. ಹದಿನಾರು ವರ್ಷದಿಂದ ಅಕ್ಕನಿಗೆ ಅದೇ ಕೆಲಸ, ಅದೇ ಹೆಮ್ಮೆ.

ಪ್ರತಿ ಬ್ಯಾಚಿನ ರುಚಿ ನೋಡುವ ಅಧಿಕಾರಿಯನ್ನು ನಾವು ನಾಲಿಗೆ ಸಾಹೇಬ್ರು ಅನ್ನುತ್ತಿದ್ದೆವು. ಒಂದು ಸೋಮವಾರ ಅವರು ಕ್ಯಾಂಟೀನಿಗೆ ಬಂದರು.

"ನಮ್ಮ ಡಬ್ಬಿ ಇರುವಾಗ ಈ ಒಲೆ ಯಾಕಮ್ಮ? ನಾಳೆ ಎಲ್ರಿಗೂ ಎರಡೆರಡು ತಟ್ಟೆ ಬಟಾಣಿ ಅನ್ನ, ಕೆಂಪು, ನೀಲಿ. ಯಾವುದು ಯಾರದ್ದು ಅಂತ ಹೇಳಲ್ಲ. ನಿಂದು ಗೆದ್ರೆ ಕ್ಯಾಂಟೀನು ಇರತ್ತೆ. ಸೋತ್ರೆ ಬೀಗ."

"ಪಂದ್ಯ ಇಡಿ ಸಾರ್," ಎಂದಳು ಅಕ್ಕ. "ನಿಮ್ಮ ಡಬ್ಬಿ ಕಂಡ್ರೆ ನಮ್ಮನೆ ಬೆಕ್ಕೂ ಮೂತಿ ತಿರುಗಿಸತ್ತೆ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಆ ಪುಡಿಯನ್ನು ಮೂಟೆಗಟ್ಟಲೆ ತೂಗುವವಳು ನಾನು; ಅದರ ಮುಂದೆ ಅಕ್ಕ ನಿಲ್ಲಲಾರಳೆಂದು ಹೆದರಿದೆ.

ಮರುದಿನ ಅಕ್ಕ ಬಟಾಣಿ ಅನ್ನ ಇಳಿಸಿ ಕೈ ತೊಳೆಯಲು ಹೋದಾಗ, ಜೇಬಿನಲ್ಲಿ ತಂದಿದ್ದ ಒಂದು ಚಮಚ ಎಂಟನೇ ನಂಬರನ್ನು ಪಾತ್ರೆಗೆ ಉದುರಿಸಿ ಸೌಟಾಡಿಸಿದೆ. ಅವಳ ಒಳ್ಳೆಯದಕ್ಕೇ ಅಂದುಕೊಂಡಿದ್ದೆ.

ನಲವತ್ತು ಜನರಲ್ಲಿ ಮೂವತ್ತೇಳು ಕೈ ಕೆಂಪು ತಟ್ಟೆಗೆ ಎದ್ದವು. ಕೆಂಪು ಅಕ್ಕನದು. ಸಾಹೇಬರು ಅದರಿಂದ ಒಂದು ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ ಚಪ್ಪರಿಸಿದರು. ಇನ್ನೊಂದು ತುತ್ತು ತಿಂದರು. ಆಮೇಲೆ ನಕ್ಕರು.

"ಎಂಟನೇ ನಂಬರು! ಭೇಷ್ ಕಣಮ್ಮಾ. ನಮ್ಮ ಪುಡಿ ಕದ್ದು ನಮ್ಮನ್ನೇ ಸೋಲಿಸಿದ್ಯಲ್ಲ."

"ಉಪ್ಪು, ಈರುಳ್ಳಿ, ಮೆಣಸು. ಬೇರೇನೂ ಹಾಕಿಲ್ಲ ಸಾರ್. ನನ್ನ ತಂಗಿ ಪಕ್ಕದಲ್ಲೇ ಇದ್ಲು, ಕೇಳಿ. ಹೇಳೇ!"

ಎಲ್ಲ ಮುಖಗಳೂ ನನ್ನ ಕಡೆ ತಿರುಗಿದವು.

"ನಾನು ನೋಡ್ಲಿಲ್ಲ," ಎಂದೆ.

"ಹದಿನಾರು ವರ್ಷ ಇದನ್ನೇ ಉಣ್ಣಿಸಿದ್ಯಾ?" ಎಂದು ಹಿಂದಿನಿಂದ ಯಾರೋ ಕೂಗಿದರು. "ಕೈರುಚಿಯಂತೆ ಕೈರುಚಿ!" ಮತ್ತೆ ನಗು. ಕೆಂಪು ತಟ್ಟೆಯನ್ನು ಮಾತ್ರ ಯಾರೂ ಕೆಳಗಿಡಲಿಲ್ಲ, ಬಳಿದು ತಿಂದರು.

ಮಧ್ಯಾಹ್ನದೊಳಗೆ ಕ್ಯಾಂಟೀನಿಗೆ ಬೀಗ ಬಿತ್ತು, ಅಕ್ಕ ಏಪ್ರನ್ ಮಡಚಿಟ್ಟು ಹೋದಳು. ಈಗ ನಮಗೆಲ್ಲ ಡಬ್ಬಿಯೇ ಊಟ. ಮನೆಯಲ್ಲಿ ಅಕ್ಕ ಒಂದೇ ಅಡುಗೆಯನ್ನು ಮೂರು ಸಲ ರುಚಿ ನೋಡುತ್ತಾಳೆ. "ಸರಿಯಿದೆಯೇನೇ?" ಎಂದು ನನ್ನನ್ನೇ ಕೇಳುತ್ತಾಳೆ. ಸರಿಯಿದೆ ಎನ್ನುತ್ತೇನೆ.

ನನ್ನ ಚಮಚ ಇಲ್ಲದಿದ್ದರೆ ಆ ದಿನ ಎಷ್ಟು ಕೈ ಎದ್ದಿರುತ್ತಿದ್ದವೋ, ನನಗೆ ಗೊತ್ತಿಲ್ಲ.