ಒಣಮೀನಿನ ಪುಡಿ

ಕಾನಹೊಸಹಳ್ಳಿ ಹತ್ತಿರದ ಹೊಲದಲ್ಲಿ ಹೊಂಡ ತೋಡಿಸಿ ಪಂಗಾಸ್ ಮೀನಿನ ಮರಿ ಬಿಟ್ಟಾಗ ಗುರುಸಂಗಪ್ಪನಿಗೆ ಐವತ್ತೆರಡು. ಅವರ ಮನೆತನದಲ್ಲಿ ಮೀನು ಮುಟ್ಟಿದವರಿರಲಿಲ್ಲ. ಹೆಂಡತಿ ಕೊಟ್ರಮ್ಮ ಬೇಡ ಅನ್ನಲಿಲ್ಲ. ಆದರೆ ಅವನು ತೌಡು, ಶೇಂಗಾ ಹಿಂಡಿಗೆ ಒಣಮೀನಿನ ಪುಡಿ ಬೆರೆಸಿ ಮೇವು ಕಲಸತೊಡಗಿದ ಮೇಲೆ, ಎಷ್ಟು ಸೋಪು ತಿಕ್ಕಿದರೂ ವಾಸನೆ ಮೈ ಬಿಡಲಿಲ್ಲ. ಲಿಂಗಪೂಜೆಯ ಮನೆ. ಒಂದು ದಿನ ಕೊಟ್ರಮ್ಮ ಅವನ ಊಟದ ತಾಟನ್ನು ಹೊರಗಿನ ಕಟ್ಟೆಯ ಮೇಲೆ ತಂದಿಟ್ಟಳು. ಅದೇ ಕಟ್ಟೆಗೆ ಹರಟೆಗೆ ಬರುತ್ತಿದ್ದ ನೆರೆಮನೆಯ ವೀರಭದ್ರಯ್ಯ ಬರುವುದನ್ನೇ ಬಿಟ್ಟ. ಬರಬರುತ್ತ ಗುರುಸಂಗಪ್ಪ ಹೊಂಡದ ದಂಡೆಯ ತಗಡಿನ ಶೆಡ್ಡಿನಲ್ಲೇ ಉಳಿದುಬಿಟ್ಟ. ಕೆಲವು ದಿನ ಒಬ್ಬರೊಡನೆಯೂ ಒಂದು ಮಾತು ಇರುತ್ತಿರಲಿಲ್ಲ.

ಕೊನೆಗೆ ಒಣಮೀನನ್ನು ಪೂರ್ತಿ ನಿಲ್ಲಿಸಿ, ಅದರ ಬದಲು ಸೋಯಾ ಹಿಂಡಿ ಹಾಕಿದ. ನಾಲ್ಕು ದಿನ ಕಳೆದು, ಒಗೆದ ಅಂಗಿ ತೊಟ್ಟು ಮನೆಗೆ ಹೋದ. ಕೊಟ್ರಮ್ಮ ಹತ್ತಿರ ಬಂದು ನಿಂತು, ಒಳಗೆ ಬರಲು ಹೇಳಿದಳು. ಒಂದೂವರೆ ತಿಂಗಳು ಅವನು ಅಡುಗೆಮನೆಯಲ್ಲಿ ಕೂತು ಬಿಸಿ ರೊಟ್ಟಿ ಉಂಡ.

ಅಷ್ಟರಲ್ಲಿ ಮೀನು ಬೆಳೆಯುವುದು ನಿಧಾನವಾಯಿತು. ಮೊದಲು ತಿಂಗಳಿಗೆ ನೂರು ಗ್ರಾಂ ತೂಕ ಏರುತ್ತಿದ್ದವು, ಈಗ ನಲವತ್ತೂ ಏರಲಿಲ್ಲ. ಅರ್ಧ ಮೇವು ನೀರಿನಲ್ಲೇ ಕೊಳೆಯಿತು. ಹಗರಿಬೊಮ್ಮನಹಳ್ಳಿ ಕಡೆ ಬಹಳ ವರ್ಷದಿಂದ ಮೀನು ಸಾಕುತ್ತಿದ್ದ ಹೊನ್ನೂರಸ್ವಾಮಿಯನ್ನು ಕರೆಸಿದ. ಅವನು ಬಲೆ ಹಾಕಿ ಹತ್ತು ಮೀನು ತೂಗಿ, ಮೇವನ್ನು ಮೂಸಿ ನೋಡಿದ.

"ಇದ್ರಾಗ ಮೀನಿನ ವಾಸನಿನ ಇಲ್ಲಣ್ಣ. ಅದಕ್ಕ ಬಾಯಿ ಹಾಕವಲ್ವು. ತಿಂದಿದ್ದೂ ಮೈಗೆ ಹತ್ತವಲ್ದು. ಪೂರಾ ತಗೀಬಾರ್ದಿತ್ತು. ಮೊದ್ಲಿನ ಅರ್ಧನಾದ್ರೂ ಹಾಕ್ರಿ."

ಅಂದು ಮಧ್ಯಾಹ್ನ ಗುರುಸಂಗಪ್ಪ ಇದನ್ನೆಲ್ಲ ಹೆಂಡತಿಗೆ ಹೇಳಿದ. ನಾಳೆಯಿಂದ ಮತ್ತೆ ಹೊಲದಲ್ಲೇ ಇರುತ್ತೇನೆ, ನಿನಗೆ ತೊಂದರೆ ಬೇಡ ಎಂದ. ಕೊಟ್ರಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು.

"ನೀವು ಹೊರಗ ಉಂಡ್ರಿ. ಒಳಗ ನಾನೂ ಒಬ್ಬಾಕಿನ ಉಂಡೀನ್ರಿ. ಅದು ನಿಮಗ ಕಾಣಲಿಲ್ಲ."

ಇರಿ ಎಂದು ಅವಳು ಹೇಳಲಿಲ್ಲ, ಹೋಗಿ ಎಂದೂ ಹೇಳಲಿಲ್ಲ. ಮರುದಿನ ಅವನು ಹೊಲಕ್ಕೆ ಹೋಗಿ, ಮೊದಲಿನ ಅರ್ಧದಷ್ಟು ಒಣಮೀನು ಹಾಕಿ ಮೇವು ಕಲಸಿದ. ಎರಚಿದೊಡನೆ ಮೀನು ಮುಗಿಬಿದ್ದು ನೀರು ಕುದಿದಂತಾಯಿತು. ಅದನ್ನು ತೋರಿಸಲು ಪಕ್ಕದಲ್ಲಿ ಯಾರೂ ಇರಲಿಲ್ಲ. ವಾಸನೆ ಸಂಜೆಯೊಳಗೆ ಅಂಗಿಗೆ ಹತ್ತಿತು; ಅವನು ಶೆಡ್ಡಿನಲ್ಲೇ ಉಳಿದ.

ತಿಂಗಳ ಮೇಲೆ ಕೊಟ್ರಮ್ಮ ಫೋನ್ ಮಾಡಿದಳು. ತಾನು ಹೊಲಕ್ಕೆ ಕಳಿಸಿದ ಬುತ್ತಿ ಮುಟ್ಟಿತೇ ಎಂದು ಕೇಳಿದಳು. ಆಮೇಲೆ ಮೊದಲ ಸಲ ಮೀನಿನ ವಿಷಯ ಎತ್ತಿ, "ಈಗ ಎಷ್ಟು ತೂಗ್ತಾವ್ರಿ?" ಎಂದಳು.

ನಾನೂರು ಗ್ರಾಂ ದಾಟಿವೆ ಎಂದ. ಅವಳು ಹೂಂ ಅಂದಳು. ಬಹಳ ಹೊತ್ತು ಇಬ್ಬರೂ ಫೋನ್ ಇಡಲಿಲ್ಲ.